ಕರಗಬಾರದ ಹರಳು

"ಕಾಫಿ ಬೇಡ ಡಾಕ್ಟ್ರೇ. ಬರೀ ತಣ್ಣೀರು ಕೊಡಿ. ಎರಡು ಲೋಟದಲ್ಲಿ. ಜೊತೆಗೊಂದು ಚಮಚ."

ಸತ್ಯಮೂರ್ತಿ ಮೈಥಿಲಿಯ ಮುಖವನ್ನೇ ನೋಡಿದರು. ನಲವತ್ತು ವರ್ಷ ಹೃದ್ರೋಗಿಗಳನ್ನು ನೋಡಿದ ಡಾಕ್ಟರು. ಬೆಳಿಗ್ಗೆ ಒಂಬತ್ತಕ್ಕೇ ಹೆಂಗಸೊಬ್ಬಳು ಎಕ್ಸ್-ರೇ ಗನ್ ಹಿಡಿದು ಮನೆಗೆ ಬಂದದ್ದು ಇದೇ ಮೊದಲು. ಆದರೂ ಒಳಗೆ ಹೋಗಿ ಎರಡು ಗಾಜಿನ ಲೋಟಗಳಲ್ಲಿ ನೀರು ತಂದಿಟ್ಟರು.

ಸ್ಯಾನ್ ಡಿಯಾಗೊ ಪಕ್ಕದ ಡೆಲ್ ಮಾರ್‌ನ ಆ ಮನೆಯ ಹಿತ್ತಲಿನಲ್ಲಿ ಅವರದೊಂದು ಹಸಿರುಮನೆ. ಕೆಲಸದಿಂದ ನಿವೃತ್ತರಾದ ಮೇಲೆ ಅವರ ಪ್ರಾಣವೆಲ್ಲ ಅಲ್ಲೇ. ಟೊಮೆಟೊ, ಗುಂಡುಬದನೆ, ಮೆಣಸಿನ ಸಸಿಗಳು ನಾಲ್ಕು ಸಾಲು. ಈಗ ಮೂರು ಸಾಲು ಸುಟ್ಟಂತೆ ಮುದುಡಿಕೊಂಡಿದ್ದವು. ಎಲೆಯ ಅಂಚು ಕಂದು, ಕಾಂಡ ಮೆತ್ತಗೆ. ಗೊಬ್ಬರ ಹಾಕದೆ ಬಿಟ್ಟ ನಾಲ್ಕನೇ ಸಾಲು ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿತ್ತು.

"ವಿಷಾನೇ ಹಾಕಿಬಿಟ್ನಲ್ಲಾ ರೀ ನಾನು," ಎಂದರು ಡಾಕ್ಟರು. "ನನ್ನ ಕೈಯಾರೆ."

"ಅದನ್ನೇ ನೋಡೋಣ."

ದೀಪೇಶ್ ಕಾಣೆಯಾಗಿ ಅಂದಿಗೆ ನಾಲ್ಕನೇ ದಿನ.

ಉಡುಪಿಯ ದೀಪೇಶ್ ರಸಾಯನ ವಿಜ್ಞಾನಿ. ಕೋವಿಡ್ ವರ್ಷದಲ್ಲಿ ರೆಡೊಂಡೊ ಬೀಚ್‌ನ ತನ್ನ ಗ್ಯಾರೇಜಿನಲ್ಲಿ ಅವನು ಶುರುಮಾಡಿದ ಕೆಲಸವನ್ನು ಕೇಳಿ ಮೊದಮೊದಲು ಜನ ಮೂಗು ಮುಚ್ಚಿಕೊಂಡಿದ್ದರು. ಊರಿನ ಚರಂಡಿ ನೀರು ಶುದ್ಧವಾದ ಮೇಲೆ ತಳದಲ್ಲಿ ಉಳಿಯುವ ಕೆಸರನ್ನು ಕೆಲವು ಊರುಗಳಲ್ಲಿ ಸುಡುತ್ತಾರೆ. ಆ ಬೂದಿಯನ್ನು ಉತ್ತರದ ಒಂದು ಊರಿನಿಂದ ಡ್ರಮ್ಮುಗಳಲ್ಲಿ ತರಿಸಿ, ಆಮ್ಲದಲ್ಲಿ ನೆನೆಸಿ, ಕೆಟ್ಟ ಲೋಹಗಳನ್ನು ಬೇರ್ಪಡಿಸಿ, ಅದರೊಳಗಿನ ರಂಜಕವನ್ನು ಬಿಳಿ ಹರಳಾಗಿ ಹೊರತೆಗೆಯುತ್ತಿದ್ದ. ಗೊಬ್ಬರಕ್ಕೆ ಬೇಕಾದ ರಂಜಕ. ಇಂದು ಪ್ರಪಂಚವೆಲ್ಲ ಅದನ್ನು ಗಣಿಯಿಂದ ಅಗೆಯುತ್ತದೆ, ಅಗೆದಷ್ಟೂ ಅದು ಕಡಿಮೆಯಾಗುತ್ತದೆ. ನಾವು ಉಂಡದ್ದು ಮತ್ತೆ ನಮ್ಮ ಹೊಲಕ್ಕೇ ಹೋಗುವ ಹಾಗಾದರೆ?

ಆ ಪ್ರಶ್ನೆಗೆ ಉತ್ತರ ಮರುದಿನ, ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಿಗುವುದಿತ್ತು. ಸ್ಯಾನ್ ಡಿಯಾಗೊದ ಏಳು ಊರುಗಳ ನೀರಿನ ಸಮಿತಿ ದೀಪೇಶನ ವಿಧಾನವನ್ನು ಒಪ್ಪುವುದೋ ಬಿಡುವುದೋ ಎಂದು ಅಂದು ತೀರ್ಮಾನಿಸಲಿತ್ತು.

ಆದರೆ ಶುಕ್ರವಾರ ಸಂಜೆ ಸಮಿತಿಯ ಎಲ್ಲರ ಫೋನಿಗೂ ಒಂದು ಫೋಟೊ ಬಂತು. ಯಾವುದೋ ಲ್ಯಾಬಿನ ರಿಪೋರ್ಟ್. ಮೇಲಿನ ಹೆಸರು, ವಿಳಾಸ ಕತ್ತರಿಸಿತ್ತು. ದೀಪೇಶನ ಮೂವತ್ತಾರನೇ ಬ್ಯಾಚಿನ ಗೊಬ್ಬರದಲ್ಲಿ ಕ್ಯಾಡ್ಮಿಯಂ ವಿಷ ಮಿತಿಮೀರಿದೆ ಎಂದು ಅದರಲ್ಲಿತ್ತು. ಅದೇ ಬ್ಯಾಚಿನದೆಂದು ಒಂದು ಚೀಲ ಡಾಕ್ಟರ ಹಸಿರುಮನೆಗೂ ಬಂದಿತ್ತು. ಅದೇ ಸಂಜೆ ದೀಪೇಶ್ ಮನೆಗೆ ಬರಲಿಲ್ಲ. ಸಿಕ್ಕಿಬಿದ್ದು ಓಡಿಹೋದ ಎಂದರು ಎಲ್ಲರೂ. ಹೆಂಡತಿ ಸುಪ್ರೀತಾ ಮಾತ್ರ ನಂಬಲಿಲ್ಲ. ಶನಿವಾರ ಬೆಳಿಗ್ಗೆಯೇ ಬಂದು ಮೈಥಿಲಿಯ ಎರಡೂ ಕೈ ಹಿಡಿದುಕೊಂಡಿದ್ದಳು. "ಅವರನ್ನು ಹುಡುಕಿಕೊಡಿ ಆಂಟಿ. ಬೇರೆ ಎಂತದೂ ಬೇಡ ನಂಗೆ."

ಮೈಥಿಲಿಗೆ ಅರವತ್ಮೂರು. ಮೈಸೂರಿನಲ್ಲಿ ಎಂ.ಎಸ್ಸಿ., ಇಲ್ಲಿ ಮೂವತ್ತು ವರ್ಷ ಅಪರಾಧ ಪತ್ತೆಯ ಲ್ಯಾಬಿನಲ್ಲಿ ಕೆಲಸ. ರಕ್ತ, ಬಣ್ಣ, ಬೂದಿ, ಮಣ್ಣು. ಮನುಷ್ಯರು ಸುಳ್ಳು ಹೇಳುವುದನ್ನು ಅವಳು ಬೇಕಾದಷ್ಟು ಕೇಳಿದ್ದಳು. ವಸ್ತುಗಳು ಹಾಗೆ ಮಾಡಿದ್ದನ್ನು ಇನ್ನೂ ಕಂಡಿರಲಿಲ್ಲ.

ಬ್ಯಾಗಿನಿಂದ ಒಂದು ಪುಟ್ಟ ಬಾಟಲಿ ತೆಗೆದಳು. "ಇದು ದೀಪೇಶನ ಹಳೇ ಬ್ಯಾಚು, ಮೂವತ್ತೈದು. ಸುಪ್ರೀತಾ ಮನೆಯಿಂದ ಕೊಟ್ಟದ್ದು."

ಆ ಪುಡಿಯನ್ನು ಒಂದು ಚಮಚ ಎಡಗಡೆಯ ಲೋಟಕ್ಕೆ ಹಾಕಿದಳು. ಹಸಿರುಮನೆಯ ಚೀಲದಿಂದ ಒಂದು ಚಮಚ ಬಲಗಡೆಯದಕ್ಕೆ. ಎರಡನ್ನೂ ಕಲಕಿದಳು.

ಎಡಗಡೆಯ ಲೋಟದಲ್ಲಿ ಹರಳು ಸುತ್ತಿ ಸುತ್ತಿ ಮೆಲ್ಲಗೆ ತಳಕ್ಕೆ ಕೂತಿತು, ಸಮುದ್ರದ ಮರಳಿನಂತೆ.

ಬಲಗಡೆಯ ಲೋಟದಲ್ಲಿ ಸ್ವಲ್ಪ ಮಡ್ಡಿಯನ್ನು ಬಿಟ್ಟರೆ ಏನೂ ಉಳಿಯಲಿಲ್ಲ.

"ಅಯ್ಯೋ! ಕರಗೇ ಹೋಯ್ತಲ್ರೀ!" ಡಾಕ್ಟರು ಬಗ್ಗಿ ನೋಡಿದರು.

"ಕರಗಬಾರದು ಡಾಕ್ಟ್ರೇ! ದೀಪೇಶನ ಗೊಬ್ಬರದ ಗುಣಾನೇ ಅದು. ನೀರಲ್ಲಿ ಕರಗಲ್ಲ, ಬೇರು ಕೇಳಿದಾಗ ಕೇಳಿದಷ್ಟೇ ಬಿಡತ್ತೆ. ಅದಕ್ಕೇ ಅವನು ಗಿಡಕ್ಕೆ ಎರಡು ಚಮಚ ಹಾಕಿ ಅಂತ ಹೇಳಿದ್ದು. ಈ ಪುಡೀನ ಅಷ್ಟು ಹಾಕಿದ್ರೆ ಎಲ್ಲಾ ಒಟ್ಟಿಗೇ ಕರಗಿ ಬೇರು ಸುಟ್ಟುಹೋಗತ್ತೆ."

ಅವಳ ದನಿ ಏರಿತ್ತು. ಕೈಯೂ ಸುಮ್ಮನಿರಲಿಲ್ಲ. ಎಕ್ಸ್-ರೇ ಗನ್ ತೆಗೆದು, ಹೇರ್ ಡ್ರೈಯರಿನಂತಿದ್ದ ಅದರ ಮೂತಿಯನ್ನು ಚೀಲದ ಪುಡಿಗೆ ಒತ್ತಿ ಗುಂಡಿ ಅಮುಕಿದಳು. ಅರ್ಧ ನಿಮಿಷ ಕಾದರು. ಪುಡಿಯಲ್ಲಿದ್ದ ಮೂಲವಸ್ತುಗಳ ಹೆಸರು ಸಣ್ಣ ಪರದೆಯ ಮೇಲೆ ಒಂದೊಂದಾಗಿ ಮೂಡಿತು.

ಕ್ಯಾಡ್ಮಿಯಂ ಇತ್ತು. ರಿಪೋರ್ಟ್ ಸುಳ್ಳಾಡಿರಲಿಲ್ಲ.

ಅದರ ಕೆಳಗೆ ಇನ್ನೊಂದು ಹೆಸರು. ಮೈಥಿಲಿ ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದಳು.

"ಯುರೇನಿಯಂ!"

"ಏನಂದ್ರಿ?" ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು.

"ಹೆದರಬೇಡಿ, ಚೂರೇ ಚೂರು. ಗಣಿಯಿಂದ ಅಗೆದ ರಂಜಕದ ಕಲ್ಲಿನಲ್ಲಿ ಅದು ಇದ್ದೇ ಇರತ್ತೆ. ಆದ್ರೆ ಮನುಷ್ಯರು ತಿಂದು ಬಿಟ್ಟ ಕೊಳಚೆ ಬೂದೀಲಿ ಇಷ್ಟು ಇರೋದು ಸಾಧ್ಯವೇ ಇಲ್ಲ!" ಗನ್ನನ್ನು ಮೇಜಿನ ಮೇಲಿಟ್ಟು ಚೀಲಕ್ಕೆ ಬೆರಳು ತೋರಿಸಿದಳು. "ಇದು ಬೂದಿಯಿಂದ ಬಂದದ್ದೇ ಅಲ್ಲ ಡಾಕ್ಟ್ರೇ. ಗಣಿ ಗೊಬ್ಬರವನ್ನ ಪುಡಿ ಮಾಡಿ ತುಂಬಿದ್ದಾರೆ. ದೀಪೇಶನ ಚೀಲವನ್ನ ಯಾರೋ ಬದಲಾಯಿಸಿದ್ದಾರೆ!"

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಆ ಮುಖದಲ್ಲಿ ಮೊದಲು ಕಂಡದ್ದು ಸಮಾಧಾನ. "ಹಾಗಾದ್ರೆ ನಮ್ಮ ದೀಪೇಶ ಮೋಸ ಮಾಡಿಲ್ಲ."

"ಮಾಡಿಲ್ಲ ಅಂತ್ಲೇ ಕಾಣತ್ತೆ."

ಮೈಥಿಲಿ ಚೀಲದ ಕೊರಳಿಗೆ ಕಟ್ಟಿದ್ದ ಚೀಟಿ ತಿರುಗಿಸಿ ನೋಡಿದಳು. ಬ್ಯಾಚಿನ ನಂಬರನ್ನು ದೀಪೇಶ್ ಯಾವಾಗಲೂ ಕನ್ನಡ ಅಂಕಿಯಲ್ಲೇ ಬರೆಯುತ್ತಿದ್ದ, ತಮಾಷೆಗೆ ಹಿಡಿದ ಚಟ. ಇಲ್ಲಿಯೂ ಕನ್ನಡ ಅಂಕಿಯೇ. ಆದರೆ ಬರೆದದ್ದು ೩೯.

"ಅವನು ಇದುವರೆಗೆ ಮಾಡಿರೋದೇ ಮೂವತ್ತಾರು ಬ್ಯಾಚು. ಮೂವತ್ತೊಂಬತ್ತು ಎಲ್ಲಿಂದ ಬಂತು?" ಎಂದಳು.

ಡಾಕ್ಟರು ಚೀಟಿಯನ್ನು ಕೈಗೆ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಅವರ ಸಮಾಧಾನ ಕರಗುತ್ತ ಬಂದದ್ದು ಮೈಥಿಲಿಗೆ ಎದುರೇ ಕಂಡಿತು.

"ಈ ಚೀಲವನ್ನ ತಂದುಕೊಟ್ಟದ್ದು ಯಾರು ಡಾಕ್ಟ್ರೇ?"

"ಗುರುವಾರ ತಂದದ್ದು. ಮಂಗಳವಾರದವರೆಗೂ ಬಿಚ್ಚಬೇಡಿ ಅಂತ ಹತ್ತು ಸಲ ಹೇಳಿ ಹೋದ. ನನಗೆ ತಡೀಲಿಲ್ಲ, ಅವತ್ತೇ ಬಿಚ್ಚಿ ಹಾಕ್ಬಿಟ್ಟೆ." ಚೀಟಿಯನ್ನು ಕೆಳಗಿಟ್ಟರು. "ಅವನಿಗೆ ಕನ್ನಡದ ಆರಕ್ಕೂ ಒಂಬತ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಮೈಥಿಲಿಯವರೇ. ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋಗೋವಾಗೆಲ್ಲ ಕಾರಲ್ಲಿ ಕೂರಿಸಿಕೊಂಡು ನಾನೇ ಅಂಕಿ ಹೇಳಿಕೊಡ್ತಿದ್ದೆ. ಆರು, ಒಂಬತ್ತು ಯಾವಾಗಲೂ ತಪ್ಪು."

"ಯಾರು?"

"ನನ್ನ ಮಗ. ಚಿನ್ಮಯ್."

*

ಡೆಲ್ ಮಾರ್‌ನಿಂದ ರೆಡೊಂಡೊ ಬೀಚ್‌ಗೆ ಎರಡು ಗಂಟೆಯ ದಾರಿ. ಮೈಥಿಲಿ ಎಲ್ಲೂ ನಿಲ್ಲಿಸಲಿಲ್ಲ. ಎಡಕ್ಕೆ ಸಮುದ್ರ ಫಳಫಳ ಹೊಳೆಯುತ್ತಿತ್ತು. ಅವಳು ಅತ್ತ ನೋಡಲೂ ಇಲ್ಲ. ನಿವೃತ್ತಿಯ ಮೇಲೆ ಇಷ್ಟು ಹುರುಪು ಬಂದದ್ದು ಅವಳಿಗೆ ನೆನಪಿರಲಿಲ್ಲ. ಹೊರಡುವಾಗ ಡಾಕ್ಟರು ಒಂದೇ ಮಾತು ಕೇಳಿಕೊಂಡಿದ್ದರು. "ಮೊದಲು ನೀವು ಮಾತಾಡಿ. ಪೊಲೀಸ್ ಆಮೇಲೆ ಇರಲಿ."

ಚಿನ್ಮಯ್ ರಾಕೆಟ್ ತಯಾರಿಸುವ ಕಂಪನಿಯೊಂದರಲ್ಲಿ ಇಂಜಿನಿಯರ್. ಮೂವತ್ತೊಂದು ವರ್ಷ, ಹುಟ್ಟಿದ್ದು ಇಲ್ಲೇ. ಶನಿವಾರ ಭಾನುವಾರ ದೀಪೇಶನ ಘಟಕದಲ್ಲಿ ಪಂಪು, ಪೈಪು ಸರಿಮಾಡಿಕೊಡುತ್ತಿದ್ದ. ಸೋಮವಾರ ಮನೆಯಿಂದಲೇ ಕೆಲಸ. ಬಾಗಿಲು ತೆರೆದು ಮೈಥಿಲಿಯನ್ನು ಕಂಡವನು ನಗಲು ನೋಡಿದ, ನಗು ಬರಲಿಲ್ಲ.

"ಹಾಯ್ ಆಂಟಿ. ವಾಟ್ಸ್ ಅಪ್?"

"ಒಂದು ಪೆನ್ನು, ಪೇಪರ್ ಕೊಡು ಚಿನ್ಮಯ್."

ಅಡುಗೆಮನೆಯ ಕಟ್ಟೆಯ ಮೇಲೆ ಕಾಗದವನ್ನು ಅವನ ಮುಂದಿಟ್ಟಳು. "ಮೂವತ್ತಾರು ಬರಿ ನೋಡೋಣ. ಕನ್ನಡದಲ್ಲಿ."

"ವೈ?"

"ಸುಮ್ನೆ ಬರಿ."

ಮೂರನ್ನು ಬೇಗ ಬರೆದ. ಎರಡನೆಯ ಅಂಕಿಗೆ ಪೆನ್ನು ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಕೊನೆಗೆ ಬರೆದ. ೩೯.

ಮೈಥಿಲಿ ಡಾಕ್ಟರ ಮನೆಯಿಂದ ತಂದ ಚೀಟಿಯನ್ನು ಅದರ ಪಕ್ಕದಲ್ಲಿಟ್ಟಳು. ಅದೇ ಸುರುಳಿ, ಅದೇ ಬಾಗು.

ಚಿನ್ಮಯ್ ಪೆನ್ನು ಕೆಳಗಿಟ್ಟ.

"ನಿಮ್ಮಪ್ಪನ ಸಸಿಯೆಲ್ಲ ಸತ್ತುಹೋಗಿದೆ," ಎಂದಳು ಮೈಥಿಲಿ. "ವಿಷ ಹಾಕಿದ್ದು ನಾನೇ ಅಂತ ಅವರು ಮೂರು ದಿನದಿಂದ ಕೊರಗ್ತಿದ್ದಾರೆ. ಗೊತ್ತಾ ನಿಂಗೆ?"

"ಐ ನೋ." ಅವನ ದನಿ ಒಡೆಯಿತು. "ಬಿಚ್ಚಬೇಡಿ ಅಂತ ಹೇಳಿದ್ದೆ ಆಂಟಿ! ಹೇಳಿದ್ದೆ! ಹಿ ನೆವರ್ ಲಿಸನ್ಸ್."

"ಅಸಲಿ ಚೀಲ ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ."

"ದೀಪೇಶ್ ಎಲ್ಲಿ?"

"ಐ ಸ್ವೇರ್, ಗೊತ್ತಿಲ್ಲ."

"ನೋಡು, ನಾಳೆ ಹತ್ತು ಗಂಟೆಗೆ ಆ ಸಮಿತಿ ಅವನ ಕೆಲಸವನ್ನ ಕಸದ ಬುಟ್ಟಿಗೆ ಹಾಕತ್ತೆ. ಅದಕ್ಕೆ ಕಾರಣ ನೀನು. ಅವನು ನಿನ್ನನ್ನ ತಮ್ಮ ಅಂತ ಕರೀತಿದ್ದ. ಏನು ಸಿಕ್ತು ನಿಂಗೆ? ಯಾರು ಹೇಳಿ ಮಾಡಿಸಿದ್ದು?"

"ಸ್ಟಾಪ್, ಆಂಟಿ!" ಚಿನ್ಮಯ್ ಕಟ್ಟೆಯನ್ನು ಗುದ್ದಿದ. ಕಣ್ಣು ಕೆಂಪಾಗಿತ್ತು. "ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿದ್ದೀನಿ."

"ಯಾರಿಗೆ ಪ್ರಾಮಿಸ್ ಮಾಡಿದ್ದು?"

ಅವನು ಕಿಟಕಿಯಾಚೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ.

"ದೀಪೇಶ್ ಅಂಕಲ್‌ಗೆ."

ಮೈಥಿಲಿ ಕೇಳಿಸಿಕೊಂಡದ್ದನ್ನು ನಂಬಲಿಲ್ಲ. "ಏನಂದೆ?"

"ಚೇಂಜ್ ಮಾಡು ಅಂತ ಹೇಳಿದ್ದೇ ಅವರು. ಬುಧವಾರ ಬಂದು ಎರಡು ಚೀಲ ಕೊಟ್ರು. ಒಂದು ಡಮ್ಮಿ, ಎಲ್ರೂ ಅದೇ ರಿಯಲ್ ಅಂದ್ಕೊಳ್ಳಲಿ ಅಂತ ಅಪ್ಪಂಗೆ ಕೊಡೋದು. ಇನ್ನೊಂದು ರಿಯಲ್, ಇಲ್ಲಿ ಬಚ್ಚಿಡೋದು. ಡಮ್ಮಿಗೆ ಲೇಬಲ್ ಹಾಕೋದು ಮರೆತಿದ್ರು, ನಾನೇ ಕಾಪಿ ಮಾಡ್ದೆ. ಯಾರೋ ನನ್ನ ಕೆಲಸಾನ ಒಳಗಿಂದ ಹಾಳು ಮಾಡ್ತಿದ್ದಾರೆ, ಯಾರು ಅಂತ ಗೊತ್ತಾಗೋವರೆಗೆ ರಿಯಲ್ ಬ್ಯಾಚ್ ಯಾರ ಕಣ್ಣಿಗೂ ಬೀಳಬಾರದು ಅಂದ್ರು. ದಟ್ಸ್ ಆಲ್ ಐ ನೋ."

"ಬಚ್ಚಿಟ್ಟದ್ದು ಎಲ್ಲಿ?"

ಗ್ಯಾರೇಜಿನಲ್ಲಿ ಎರಡು ಸರ್ಫ್ ಬೋರ್ಡುಗಳ ಹಿಂದೆ, ಹಳೆಯ ಟೆಂಟಿನೊಳಗೆ ಸುತ್ತಿಟ್ಟ ಬಿಳಿ ಚೀಲ. ಕೊರಳಲ್ಲಿ ದೀಪೇಶನ ಕೈಬರಹ, ೩೬. ಮೈಥಿಲಿ ಮಂಡಿಯೂರಿ ಚೀಲ ಬಿಚ್ಚಿದಳು. ಚಿನ್ಮಯ್ ಹೇಳದೆಯೇ ಓಡಿಹೋಗಿ ಲೋಟದಲ್ಲಿ ನೀರು ತಂದ.

ಒಂದು ಚಮಚ. ಕಲಕಿದಳು.

ಹರಳು ತಳಕ್ಕೆ ಇಳಿದು ಕೂತಿತು. ಒಂದು ಚೂರೂ ಕರಗಲಿಲ್ಲ.

ಗನ್ ಒತ್ತಿದಳು. ರಂಜಕ, ಮೆಗ್ನೀಸಿಯಂ. ಯುರೇನಿಯಂ ಇಲ್ಲ. ಕ್ಯಾಡ್ಮಿಯಂ ಇಲ್ಲ. ಮತ್ತೊಮ್ಮೆ ಒತ್ತಿದಳು. ಇಲ್ಲ, ಇಲ್ಲ!

"ಗೆದ್ದ ಕಣೋ ಅವನು!" ಮೈಥಿಲಿ ಎದ್ದು ಚಿನ್ಮಯನ ಭುಜಕ್ಕೆ ಒಂದು ಏಟು ಕೊಟ್ಟಳು. "ಒಂದು ಊರಿನ ಕೊಳಚೆ ಕಣೋ ಇದು! ಚರಂಡಿಯಿಂದ ಬಂದು, ಬೆಂಕಿಯಲ್ಲಿ ಸುಟ್ಟು, ಈಗ ನೋಡು, ಕಲ್ಲುಸಕ್ಕರೆ ಹಾಗಿದೆ! ಇಂಥದ್ದನ್ನ ನಾಳೆ ಆ ಮೇಜಿನ ಮೇಲೆ ಇಟ್ರೆ ಯಾವನು ಬೇಡ ಅಂತಾನೆ?"

ಚಿನ್ಮಯ್ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕ.

ಆ ಸಂತೋಷದಲ್ಲೇ ಮೈಥಿಲಿ ಸುಪ್ರೀತಾಳಿಗೆ ಫೋನ್ ಮಾಡಿದಳು. "ಯಾರಿಗೂ ಹೇಳಬೇಡ ಅಂದಿದ್ರು," ಎಂದು ಚಿನ್ಮಯ್ ಗೊಣಗಿದ. ಹೆಂಡತಿಗೆ ಹೇಳದೆ ಇನ್ಯಾರಿಗೆ ಹೇಳುವುದು ಎಂದು ಅವನ ಬಾಯಿ ಮುಚ್ಚಿಸಿದಳು.

ಐದೇ ನಿಮಿಷದಲ್ಲಿ ಸುಪ್ರೀತಾಳ ಕಾರು ಬಾಗಿಲಲ್ಲಿತ್ತು. ಚೀಲವನ್ನು ಕಂಡು ಅವಳು ಬಾಯಿಗೆ ಸೆರಗಿನಂತೆ ದುಪಟ್ಟಾ ಒತ್ತಿಕೊಂಡು ಅತ್ತಳು. "ಎಂತ ಮಾರಾಯ್ತಿ ನಾನು, ಖುಷಿಗೂ ಅಳು ಬರ್ತಾ ಉಂಟು," ಎಂದು ತಾನೇ ಕಣ್ಣು ಒರೆಸಿಕೊಂಡಳು. "ಆಂಟಿ, ಬೆಳಿಗ್ಗೆಯಿಂದ ನೀವೇ ಡ್ರೈವ್ ಮಾಡಿದ್ದೀರಿ. ಇದನ್ನು ಸ್ಯಾನ್ ಡಿಯಾಗೊಗೆ ತೆಗೊಂಡು ಹೋಗ್ಲಿಕ್ಕೆ ನಾನಿದ್ದೇನಲ್ಲ. ನನ್ನ ಕಾರಲ್ಲೇ ಹೋಗುವ."

ಮೈಥಿಲಿಯ ಮಂಡಿ ನಿಜಕ್ಕೂ ನೋಯುತ್ತಿತ್ತು. ಚಿನ್ಮಯ್ ಚೀಲವನ್ನು ಎತ್ತಿ ಸುಪ್ರೀತಾಳ ಡಿಕ್ಕಿಯಲ್ಲಿಟ್ಟ.

*

ಕಾರು ನಾನ್ನೂರೈದನೇ ನಂಬರಿನ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಓಡುತ್ತಿತ್ತು. ಮಧ್ಯಾಹ್ನ ಎರಡೂವರೆ. ಸುಪ್ರೀತಾ ಚೆನ್ನಾಗಿ ಓಡಿಸುತ್ತಿದ್ದಳು, ಮಾತಿಲ್ಲದೆ.

ಹುರುಪು ಇಳಿದ ಮೇಲೆ ಮೈಥಿಲಿಯ ತಲೆ ಕೆಲಸ ಶುರುಮಾಡಿತು. ಫೋನಿನಲ್ಲಿದ್ದ ಆ ರಿಪೋರ್ಟಿನ ಫೋಟೊವನ್ನು ಮತ್ತೆ ತೆಗೆದು ನೋಡಿದಳು. ಮೂಲೆಯಲ್ಲಿ ತಾರೀಖು. ಬುಧವಾರ.

ಡಾಕ್ಟರು ಚೀಲ ಬಿಚ್ಚಿದ್ದು ಗುರುವಾರ. ಹಾಗಾದರೆ ಅದಕ್ಕೂ ಮೊದಲೇ ಆ ನಕಲಿ ಪುಡಿ ಲ್ಯಾಬಿಗೆ ಹೋಗಿತ್ತು. ಕೊಟ್ಟವರು ಯಾರು?

ತಾರೀಖಿನ ಕೆಳಗೆ ಸ್ಯಾಂಪಲ್ ನಂಬರು. ಮೊದಲು ವರ್ಷ, ಆಮೇಲೆ ವಾರ, ಆಮೇಲೆ ಒಂದು ಅಕ್ಷರ. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡಳು. ಮರುಕ್ಷಣ ಹೊಳೆಯಿತು. ನೋಡಿದ್ದೇನು, ಆ ಕ್ರಮವನ್ನು ಮಾಡಿದ್ದೇ ಅವಳು ಮತ್ತು ಇಂದಿರಾ, ಇಪ್ಪತ್ತು ವರ್ಷದ ಹಿಂದೆ, ಒಂದೇ ಮೇಜಿನಲ್ಲಿ ಕೂತು! ಇಂದಿರಾ ಈಗ ಅರ್ವೈನ್‌ನಲ್ಲಿ ತನ್ನದೇ ಮಣ್ಣು ಪರೀಕ್ಷೆಯ ಲ್ಯಾಬ್ ನಡೆಸುತ್ತಿದ್ದಳು. ಹಳೆಯ ಅಭ್ಯಾಸ ಬಿಟ್ಟಿಲ್ಲ.

"ಹಳೇ ಫ್ರೆಂಡ್‌ಗೆ ಒಂದು ಫೋನ್ ಮಾಡ್ತೀನಿ," ಎಂದಳು ಸುಪ್ರೀತಾಳಿಗೆ. ಸುಪ್ರೀತಾ ತಲೆಯಾಡಿಸಿದಳು.

"ಏನೇ ಮೈಥಿಲಿ, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಇಂದಿರಾಳ ದನಿ.

ಮೈಥಿಲಿ ಫೋನನ್ನು ಕಿವಿಗೆ ಒತ್ತಿಕೊಂಡು ಸ್ಯಾಂಪಲ್ ನಂಬರ್ ಓದಿದಳು. "ಇದನ್ನ ಯಾರು ಕೊಟ್ಟಿದ್ದು, ಹೇಳೇ."

"ಕ್ಲೈಂಟ್ ಹೆಸರು ಹೇಳೋ ಹಾಗಿಲ್ಲ, ನಿಂಗೇ ಗೊತ್ತಲ್ಲ." ಇಂದಿರಾ ದನಿ ತಗ್ಗಿಸಿ ಪಿಸುಗುಟ್ಟಿದಳು. "ಆದ್ರೆ ಅವರು ಇಲ್ಲೇ, ನನ್ನ ಎದುರಿಗೇ ಕೂತಿದ್ದಾರೆ. ನಿನ್ನ ಹೆಸರು ಕೇಳಿದ ಕೂಡ್ಲೇ ಎದ್ದು ನಿಂತ್ರು. ಮಾತಾಡ್ತಾರಂತೆ, ತಗೋ."

ಫೋನು ಕೈ ಬದಲಾದ ಸದ್ದು.

"ಮೈಥಿಲಿ ಮೇಡಂ? ದೀಪೇಶ್ ಮಾತಾಡುದು."

ಬದುಕಿದ್ದಾನೆ! ಪಕ್ಕದಲ್ಲೇ ಅವನ ಹೆಂಡತಿ. ಮೈಥಿಲಿಗೆ ಕೂಗಿ ಹೇಳಬೇಕೆನಿಸಿತು. ಅಷ್ಟರಲ್ಲಿ ಅವನು ಮುಂದುವರಿಸಿದ, ಗಡಿಬಿಡಿಯಲ್ಲಿ.

"ಆ ರಿಪೋರ್ಟ್ ಮಾಡಿಸಿದ್ದು ನಾನೇ. ಬೇಕಂತಲೇ. ಮನೆಯಿಂದ ಕಾಗದ ಎಲ್ಲ ಹೊರಗೆ ಹೋಗ್ತಾ ಇತ್ತು ಮೇಡಂ. ಅದಕ್ಕೇ ನಕಲಿ ಪುಡಿಯ ರಿಪೋರ್ಟ್ ತಂದು ಒಬ್ಬರಿಗೆ ಮಾತ್ರ ತೋರಿಸಿದೆ, ಒಬ್ಬರಿಗೇ. ಎರಡೇ ದಿನ, ಸಮಿತಿಯ ಎಲ್ಲರ ಕೈಲಿ ಉಂಟು ಅದು!"

"ಹೂಂ," ಎಂದಳು ಮೈಥಿಲಿ, ಹವಾಮಾನದ ಮಾತು ಕೇಳಿಸಿಕೊಂಡ ಹಾಗೆ.

"ಅಸಲಿ ಚೀಲ ಚಿನ್ಮಯನ ಹತ್ರ ಉಂಟು. ಅದೊಂದು ನಾಳೆವರೆಗೆ ಉಳಿದರೆ ಸಾಕು. ನೀವೀಗ ಎಲ್ಲಿದ್ದೀರಿ? ನಿಮ್ಮ ಜೊತೆ ಯಾರಾದರೂ ಇದ್ದಾರಾ?"

ಮೈಥಿಲಿ ಓರೆಗಣ್ಣಿನಲ್ಲಿ ನೋಡಿದಳು. ಸುಪ್ರೀತಾಳ ಎರಡೂ ಕೈ ಸ್ಟೀರಿಂಗಿನ ಮೇಲೆ, ದೃಷ್ಟಿ ರಸ್ತೆಯ ಮೇಲೆ. ಮುಖದಲ್ಲಿ ಏನೂ ಇರಲಿಲ್ಲ.

"ಆಮೇಲೆ ಮಾಡ್ತೀನಿ ಕಣೇ ಇಂದಿರಾ," ಎಂದು ಫೋನ್ ಇಟ್ಟಳು. ಇವಳ ಕಾರಿನಿಂದ ಹೇಗಾದರೂ ಇಳಿಯಬೇಕು, ಚೀಲದೊಂದಿಗೆ. ದನಿಯನ್ನು ಹಗುರ ಮಾಡಿಕೊಂಡಳು. "ಸುಪ್ರೀತಾ, ಮುಂದೆ ಎಲ್ಲಾದ್ರೂ ಕಾಫಿಗೆ ನಿಲ್ಸಮ್ಮ."

"ಆಯ್ತು ಆಂಟಿ."

ಕಾರು ಒಂದೊಂದೇ ಸಾಲು ದಾಟಿ ಬಲಕ್ಕೆ ಬಂತು. ಜಾಂಬೊರಿ ರೋಡಿನ ಎಕ್ಸಿಟ್ ಹಿಡಿದು ಕೆಳಗಿಳಿಯಿತು. ಸಿಗ್ನಲ್ಲಿನ ಪಕ್ಕದಲ್ಲೇ ಒಂದು ಕಾಫಿ ಅಂಗಡಿ. ಸುಪ್ರೀತಾ ಅತ್ತ ನೋಡಲಿಲ್ಲ. ಮುಂದಿನ ತಿರುವಿನಲ್ಲಿ ಇನ್ನೊಂದು ಕಾಫಿ ಅಂಗಡಿ. ಅದನ್ನೂ ದಾಟಿದಳು. ಎಡಕ್ಕೆ ತಿರುಗಿ, ಒಂದೇ ಥರದ ಬೂದು ಕಟ್ಟಡಗಳ ನಡುವಿನ ಓಣಿಗೆ, ಹಿಂದೆ ಹಲವು ಸಲ ಬಂದವಳಂತೆ, ಫೋನಿನ ಮ್ಯಾಪನ್ನೂ ನೋಡದೆ ಕಾರು ನುಗ್ಗಿಸಿದಳು.

ಓಣಿಯ ಕೊನೆಯಲ್ಲಿ ಇಂದಿರಾಳ ಲ್ಯಾಬಿನ ಬೋರ್ಡು ಕಾಣುತ್ತಿತ್ತು.

ಮೈಥಿಲಿ ಅವಳಿಗೆ ಆ ಲ್ಯಾಬಿನ ಹೆಸರನ್ನಾಗಲಿ, ಅದು ಇರುವ ಊರನ್ನಾಗಲಿ ಹೇಳಿಯೇ ಇರಲಿಲ್ಲ. ಹೆಸರು, ವಿಳಾಸ ಕತ್ತರಿಸದ ಆ ರಿಪೋರ್ಟನ್ನು ದೀಪೇಶ್ ತೋರಿಸಿದ್ದು ಒಬ್ಬರಿಗೇ.